ಹೊರಹೋಗುವ ಬಾಗಿಲನ್ನು ಮೊದಲು ನೋಡಬೇಕು



ಸಹಕಾರ ಸಂಘವಾಗಲಿ, ಕಾಲೇಜಾಗಲಿ, ಸರ್ಕಾರಿ ಕಚೇರಿಯಾಗಲಿ, ಇಂದು ಮಿಂಚಂಚೆಯಿಲ್ಲದೆ ವ್ಯವಹಾರ ನಡೆಸುವುದು ಕಷ್ಟ. ಪತ್ರದ ಜೊತೆಗೆ ಸಭೆಗಳ ದಿನದರ್ಶಿ, ವಿಳಾಸಪಟ್ಟಿ, ಹಲವರು ಕೂಡಿ ತಿದ್ದುವ ಕಡತ ಇವೆಲ್ಲವೂ ಈಗ ಒಂದೇ ಕಟ್ಟಾಗಿ ದೊರೆಯುತ್ತವೆ. ಮೈಕ್ರೋಸಾಫ್ಟ್, ಗೂಗಲ್, ತಮಿಳುನಾಡಿನ ಝೋಹೊ ಇಂಥ ಕಟ್ಟುಗಳನ್ನು ಒದಗಿಸುತ್ತವೆ. ಯಾರು ಬೇಕಾದರೂ ಪರಿಶೀಲಿಸಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳೂ ಇವೆ. ಯಾವುದನ್ನು ಆರಿಸಬೇಕೆಂಬ ಚರ್ಚೆ ಸಾಮಾನ್ಯವಾಗಿ ಬೆಲೆ ಮತ್ತು ಸೌಲಭ್ಯಗಳ ಪಟ್ಟಿಯಲ್ಲಿಯೇ ಮುಗಿದುಹೋಗುತ್ತದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಮುಂದೊಂದು ದಿನ ಇದನ್ನು ಬಿಡಬೇಕಾಗಿ ಬಂದರೆ ಕೂಡಿಟ್ಟ ಪತ್ರ, ಕಡತಗಳೆಲ್ಲ ಜೊತೆಯಲ್ಲಿ ಬರುತ್ತವೆಯೇ?

ಜರ್ಮನಿಯ ಎರಡು ಆಡಳಿತಗಳ ಅನುಭವ ಈ ಪ್ರಶ್ನೆಯ ತೂಕವನ್ನು ತಿಳಿಸುತ್ತದೆ. ಮ್ಯೂನಿಕ್ ನಗರಸಭೆ 2003ರಲ್ಲಿ ತನ್ನ ಸುಮಾರು 14,000 ಗಣಕಯಂತ್ರಗಳನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ಬದಲಿಸಲು ನಿರ್ಧರಿಸಿತು. ಕೆಲಸ ಮುಗಿಯಲು 2013ರವರೆಗೆ ಹಿಡಿಯಿತು. ಹೊರಗಿನ ಕಚೇರಿಗಳಿಂದ ಬರುವ ಕಡತಗಳ ವಿನ್ಯಾಸ ಕೆಡುತ್ತದೆ, ಕೆಲವು ಇಲಾಖೆಗಳಿಗೆ ಬೇಕಾದ ತಂತ್ರಾಂಶಗಳು ಹೊಂದುವುದಿಲ್ಲ ಎಂಬ ದೂರುಗಳು ನಿಲ್ಲಲಿಲ್ಲ. ನಾಯಕತ್ವವೂ ಬದಲಾಯಿತು. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಹಿಂದಿರುಗಲು ಮತ ನೀಡಿತು.

ಡೆನ್ಮಾರ್ಕಿನ ಗಡಿಗೆ ತಾಗಿರುವ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಬೇರೆ ಹೆಜ್ಜೆ ಇರಿಸಿತು. 2024ರ ಏಪ್ರಿಲ್‌ನಲ್ಲಿ ಲಿಬ್ರೆ ಆಫೀಸ್ ಬಳಸುವ ನಿರ್ಧಾರ ಕೈಗೊಂಡ ಸರ್ಕಾರ, ಮರುವರ್ಷ ಮಿಂಚಂಚೆಯತ್ತ ತಿರುಗಿತು. ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಮತ್ತು ಔಟ್‌ಲುಕ್‌ಗಳ ಬದಲಿಗೆ ಓಪನ್-ಎಕ್ಸ್‌ಚೇಂಜ್ ಮತ್ತು ಥಂಡರ್‌ಬರ್ಡ್ ಬಂದವು. ಸುಮಾರು ಆರು ತಿಂಗಳಲ್ಲಿ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳು, 10 ಕೋಟಿಗೂ ಮಿಕ್ಕ ಪತ್ರಗಳು ಮತ್ತು ದಿನದರ್ಶಿಯ ನಮೂದುಗಳು ಸ್ಥಳಾಂತರಗೊಂಡವು. 2025ರ ಅಕ್ಟೋಬರ್‌ನಲ್ಲಿ ಕಾರ್ಯ ಮುಗಿಯಿತೆಂದು ಸರ್ಕಾರ ಪ್ರಕಟಿಸಿತು. ಇಲ್ಲಿಯೂ ನೌಕರರ ದೂರುಗಳಿದ್ದವು. ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕ ಇಲ್ಲದಿರಬಹುದು. ಕಲಿಸುವ, ನಿರ್ವಹಿಸುವ, ರಿಪೇರಿ ಮಾಡುವ ಶ್ರಮಕ್ಕೆ ಬೆಲೆ ಇದ್ದೇ ಇದೆ.

ಪತ್ರಗಳನ್ನು ಹೀಗೆ ಸಾಗಿಸಲು ಸಾಧ್ಯವಾದುದಕ್ಕೆ ಒಂದು ಕಾರಣ ಮಿಂಚಂಚೆಯ ಹುಟ್ಟಿನಲ್ಲಿಯೇ ಇದೆ. ಪತ್ರ ರವಾನೆಯ ನಿಯಮವಾದ ಎಸ್‌ಎಂಟಿಪಿ 1982ರಲ್ಲಿ ಬಹಿರಂಗವಾಗಿ ಪ್ರಕಟವಾಯಿತು. ಪೆಟ್ಟಿಗೆಯಿಂದ ಪತ್ರ ಓದುವ ಐಮ್ಯಾಪ್ ನಿಯಮವೂ ಹಾಗೆಯೇ ಎಲ್ಲರದು. ಆದ್ದರಿಂದಲೇ ಒಂದು ಕಂಪನಿಯ ಪೆಟ್ಟಿಗೆಯಿಂದ ಹೊರಟ ಪತ್ರ ಮತ್ತೊಂದು ಕಂಪನಿಯ ಪೆಟ್ಟಿಗೆಗೆ ತಲುಪುತ್ತದೆ. ಕೂಡಿ ತಿದ್ದುವ ಕಡತ, ಗುಂಪಿನ ಹರಟೆ, ಒಪ್ಪಿಗೆ ಪತ್ರಗಳ ಸ್ವಯಂಚಾಲಿತ ವ್ಯವಸ್ಥೆ ಇವುಗಳಿಗೆ ಅಷ್ಟು ಸುಗಮವಾದ ದಾರಿಯಿಲ್ಲ. ಬೇಲಿ ಬಿಗಿಯಾಗುವುದು ಅಲ್ಲಿಯೇ.

ಕಡತದ ರೂಪ ಎಷ್ಟು ಮುಖ್ಯವೆಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ವರದಿಗಳು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದವು. ಯುನಿಕೋಡ್ ಬಳಕೆಗೆ ಬಂದ ಮೇಲೆ ಬರೆದುದು ಎಲ್ಲೆಡೆ ಓದಲು ಬಂತು. ಹಳೆಯದನ್ನು ಪರಿವರ್ತಿಸುವ ಹೊರೆ ಮಾತ್ರ ಉಳಿಯಿತು.

ಬಿಟ್ಟಿಯಾಗಿ ದೊರೆಯುವುದರ ಷರತ್ತೂ ಬದಲಾಗುತ್ತದೆ. ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹವನ್ನು ಉಚಿತವಾಗಿ ನೀಡುತ್ತಿತ್ತು. 2021ರಲ್ಲಿ ಅದು ಹೊಸ ನಿಯಮ ಪ್ರಕಟಿಸಿತು: 2022ರ ಜುಲೈನಿಂದ ಇಡೀ ಸಂಸ್ಥೆಗೆ 100 ಟೆರಾಬೈಟ್ ಮೂಲಮಿತಿ. ಚಿಕ್ಕ ಶಾಲೆಗೆ ಅದು ಧಾರಾಳವಾಗಿ ಸಾಕು. ಮಿತಿಯಿಲ್ಲವೆಂದು ನಂಬಿ ಸಂಶೋಧನೆಯ ದತ್ತಾಂಶವನ್ನೆಲ್ಲ ತುಂಬಿಸಿದ ದೊಡ್ಡ ವಿಶ್ವವಿದ್ಯಾಲಯಗಳು ಅಳಿಸುವ, ಸಾಗಿಸುವ ಕೆಲಸಕ್ಕೆ ಇಳಿಯಬೇಕಾಯಿತು.

ಇನ್ನು ವಿಳಾಸದ ಮಾತು. ಭಾರತ ಸರ್ಕಾರದ ಸುಮಾರು 12 ಲಕ್ಷ ನೌಕರರ ಮಿಂಚಂಚೆ ಝೋಹೊ ವ್ಯವಸ್ಥೆಗೆ ಬದಲಾದುದು 2025ರಲ್ಲಿ ಸುದ್ದಿಯಾಯಿತು. ಆದರೂ ಅವರ ವಿಳಾಸದ ಕೊನೆಯಲ್ಲಿ ಹಿಂದಿನಂತೆ ಸರ್ಕಾರದ ಹೆಸರೇ ಉಳಿಯಿತು. ಮನೆಯ ಹೆಸರು ಸ್ವಂತದ್ದಾಗಿದ್ದರೆ ಅಂಚೆಯವನು ಬದಲಾದರೂ ಪತ್ರ ತಪ್ಪುವುದಿಲ್ಲ.

ಆದ್ದರಿಂದ ಚಿಕ್ಕ ಸಂಸ್ಥೆಯೂ ನಾಲ್ಕು ಕೆಲಸಗಳನ್ನು ಮಾಡಬಹುದು. ಸಾಧ್ಯವಾದರೆ ಸಂಸ್ಥೆಯ ಹೆಸರಿನಲ್ಲಿಯೇ ಅಂತರ್ಜಾಲ ವಿಳಾಸವನ್ನು ನೋಂದಾಯಿಸಬೇಕು. ಗುಪ್ತಪದ ಒಬ್ಬ ಕಾರ್ಯದರ್ಶಿಯ ಜೇಬಿನಲ್ಲಿ ಮಾತ್ರ ಉಳಿಯದೆ, ಜವಾಬ್ದಾರಿಯುತರಾದ ಇಬ್ಬರ ಬಳಿಯಾದರೂ ಇರಬೇಕು. ಯಾವ ತಂತ್ರಾಂಶವನ್ನು ಕೊಳ್ಳುವ ಮೊದಲೂ ಹತ್ತು ಪತ್ರ, ಒಂದು ದಿನದರ್ಶಿ, ಒಂದು ಲೆಕ್ಕದ ಪಟ್ಟಿಯನ್ನು ಅದರೊಳಗೆ ಹಾಕಿ, ಹೊರತೆಗೆದು, ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ವರ್ಷಕ್ಕೊಮ್ಮೆಯಾದರೂ ಎಲ್ಲದರ ಪ್ರತಿಯನ್ನು ಸ್ವಂತ ಪೆಟ್ಟಿಗೆಯಲ್ಲಿ ಇರಿಸಬೇಕು.

ಅಂಗಡಿಯಿಂದ ಬಿತ್ತನೆ ಬೀಜ ತರುವ ರೈತ, ಬೆಳೆದ ಕಾಳನ್ನು ಮರುವರ್ಷ ಬಿತ್ತಬಹುದೇ ಎಂದು ಕೇಳಿಯೇ ಕೊಳ್ಳುತ್ತಾನೆ. ಸಂಕರ ಬೀಜವೆಂದು ತಿಳಿದೂ ಕೊಳ್ಳುವ ಸಂದರ್ಭಗಳುಂಟು; ಅದು ತಪ್ಪಲ್ಲ. ಕೇಳದೆ ಕೊಳ್ಳುವುದು ಮಾತ್ರ ತಪ್ಪು. ತಂತ್ರಾಂಶದ ಆಯ್ಕೆಗೂ ಇದೇ ವಿವೇಕ ಸಾಕು.