ಡಿಸ್ಚಾರ್ಜ್ ಚೀಟಿಯಲ್ಲಿ ಮಾತಿಗೊಂದು ಸಾಲು

ಇಂದು ಪದವಿ ಪಡೆಯುತ್ತಿರುವ ವೈದ್ಯರೇ, ನರ್ಸಿಂಗ್ ಮತ್ತು ಫಿಸಿಯೋಥೆರಪಿ ಪದವೀಧರರೇ, ಹಿಂದಿನ ಸಾಲುಗಳಲ್ಲಿ ಸೆಖೆ ತಡೆದುಕೊಂಡು ಕುಳಿತಿರುವ ತಂದೆತಾಯಂದಿರೇ,

ಬಳ್ಳಾರಿಯ ಈ ಬಿಸಿಲಲ್ಲಿ ಕಪ್ಪು ಗೌನು ತೊಡಿಸಿದವರ ಬಗ್ಗೆ ನಿಮಗೇನನ್ನಿಸುತ್ತಿದೆ ಎಂದು ನನಗೆ ಗೊತ್ತು. ಸುತ್ತಿ ಬಳಸದೆ ಒಂದೇ ವಿಷಯ ಹೇಳುತ್ತೇನೆ. ಲಕ್ವ ಹೊಡೆದವರು ಮನೆಗೆ ಹೊರಟಾಗ ನಾವು ಕೊಡುವ ಚೀಟಿಯಲ್ಲಿ ಬಿಪಿ, ಶುಗರ್ ಮಾತ್ರೆ ಇರುತ್ತವೆ, ಕೈಕಾಲಿನ ವ್ಯಾಯಾಮ ಇರುತ್ತದೆ. ಮಾತಿನ ಸುದ್ದಿಯೇ ಇರುವುದಿಲ್ಲ. ಮನೆಯವರು ಬಾಗಿಲಲ್ಲಿ ತಡೆದು, "ಮಾತು ಯಾವಾಗ ಬರ್ತಾವ್ರೀ ಸರ್?" ಎಂದು ಕೇಳಿದರೆ, "ಬರ್ತಾವು, ನೋಡೋಣ" ಎಂದು ಮುಂದಿನ ಮಂಚಕ್ಕೆ ಹೋಗುತ್ತೇವೆ. ಪಾರ್ಶ್ವವಾಯು ಆದವರಲ್ಲಿ ಹೆಚ್ಚುಕಡಿಮೆ ಮೂವರಿಗೊಬ್ಬರಿಗೆ ಅಫೇಸಿಯಾ, ಅಂದರೆ ಮೆದುಳಿನ ಪೆಟ್ಟಿನಿಂದ ಮಾತು, ಭಾಷೆ ಕೆಡುವ ತೊಂದರೆ, ಆಗುತ್ತದೆ. ಅಷ್ಟು ಜನಕ್ಕೆ ‘ನೋಡೋಣ’ ಎಂದು ಹೇಳಿ ಕಳಿಸುತ್ತಿದ್ದೇವೆ.

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ, 1874ರಲ್ಲಿ ವೈದ್ಯ ವೆರ್ನಿಕೆ ಮೆದುಳಿಗೂ ಮಾತಿಗೂ ಇರುವ ನಂಟಿನ ಬಗ್ಗೆ ಏನು ಕಂಡರು ಎಂದು ನೀವು ಪರೀಕ್ಷೆಯಲ್ಲಿ ಬರೆದಿದ್ದೀರಿ. ವೆರ್ನಿಕೆ ಹೇಳಿದ ರೋಗಿ ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಗೆ ಹೇಗೆ ಬರುತ್ತಾನೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಅವನ ಕೈಕಾಲು ಬಹಳ ಸಲ ಗಟ್ಟಿಯಾಗಿಯೇ ಇರುತ್ತವೆ. ಮಾತು ಧಾರಾಳವಾಗಿ ಹರಿಯುತ್ತದೆ, ಅದಕ್ಕೆ ತಲೆಬುಡ ಇರುವುದಿಲ್ಲ. ನಾವು ಹೇಳಿದ್ದೂ ಅವನಿಗೆ ಹತ್ತುವುದಿಲ್ಲ. "ಬೆಳಿಗ್ಗೆ ಚಂದ ಇದ್ದ, ಮಧ್ಯಾಹ್ನಕ್ಕ ತಲಿ ಕೆಟ್ಟೈತಿ" ಎಂದು ಮನೆಯವರು ಮೊದಲು ದೇವರ ಗುಡಿಗೆ ಹೋಗುತ್ತಾರೆ, ಆಮೇಲೆ ಮಾನಸಿಕ ವೈದ್ಯರನ್ನು ಹುಡುಕುತ್ತಾರೆ. ಆದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಲಕ್ವ ಹೊಡೆದಾಗಿನಿಂದ ಇರುವ ಸಮಯ ನಾಲ್ಕೂವರೆ ಗಂಟೆ. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ. ನಾಲಿಗೆ ತೊದಲಿದರೆ ಲಕ್ವ ಎಂದು ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಟ್ಟಿದ್ದೇವೆ. ಇದ್ದಕ್ಕಿದ್ದಂತೆ ಅಡ್ಡಾದಿಡ್ಡಿ ಮಾತು ಶುರುವಾದರೂ ಲಕ್ವ ಇರಬಹುದು ಎಂದು ಸೇರಿಸಿ ಹೇಳಿ.

ಕುರುಗೋಡು ಕಡೆಯ ಒಬ್ಬ ಅಜ್ಜಿಗೆ ಪೆನ್ನು, ಗಡಿಯಾರ, ಬೀಗದಕೈ ತೋರಿಸಿ ಹೆಸರು ಕೇಳಿದ್ದೆ. ಎಲ್ಲದಕ್ಕೂ "ಅದ... ಅದ..." ಎಂದು ಹೇಳಿ ಕಣ್ಣಲ್ಲಿ ನೀರು ತಂದುಕೊಂಡರು. ನೋಡುತ್ತ ನಿಂತಿದ್ದ ಸೊಸೆಗೆ ಏನು ತೋಚಿತೋ, ಮರುದಿನ ಮನೆಯಿಂದ ಅಕ್ಕಿಯ ಡಬ್ಬಿ ತಂದಳು. ಖಾಲಿ ಪಾತ್ರೆಗೆ ಲೋಟದಿಂದ ಅಳೆದು ಹಾಕುತ್ತ ಮೊದಲನೆಯದಕ್ಕೆ "ಲಾಭ" ಎಂದಳು. ನಮ್ಮ ಕಡೆ ಕಾಳು ಅಳೆಯುವಾಗ ಒಂದು ಎನ್ನುವುದಿಲ್ಲವಲ್ಲ. ಎರಡನೆಯ ಲೋಟ ಬಿದ್ದಾಗ ಅಜ್ಜಿ ತಾವೇ "ಎರಡು" ಎಂದರು. ಮೂರು, ನಾಲ್ಕು, ಒಂಬತ್ತರವರೆಗೂ ಹೋಯಿತು. ವಾರ್ಡಿನವರೆಲ್ಲ ನೆರೆದರು. ನಾನು ಅಡ್ಡಬಂದು, "ಅಮ್ಮಾ, ಈಗ ಎಷ್ಟಾದ್ವು?" ಎಂದೆ. ಅಜ್ಜಿ ಮತ್ತೆ "ಅದ..." ಎಂದರು.

ಚಿಕಿತ್ಸೆಯ ಕೆಲಸವೆಲ್ಲ ಇರುವುದು ಆ ಒಂಬತ್ತಕ್ಕೂ ಈ "ಅದ"ಕ್ಕೂ ನಡುವೆ. ಎಣಿಕೆ, ವಾರದ ಹೆಸರು, ಭಜನೆ, ಬೈಗುಳ ಎಲ್ಲ ರೂಢಿಯ ಬಲದಿಂದ ತಾವಾಗಿ ಬರುತ್ತವೆ. ಬೇಕೆಂದಾಗ ಬೇಕಾದ ಪದ ತೆಗೆಯುವುದು ಬೇರೆ ಕೆಲಸ. ಥೆರಪಿಸ್ಟ್ ಎಣಿಕೆಯನ್ನು ಮಧ್ಯದಲ್ಲಿ ನಿಲ್ಲಿಸುತ್ತಾರೆ, "ಜೋಳದ ರೊ..." ಎಂದು ಮೊದಲ ಅಕ್ಷರ ಕೊಟ್ಟು ಕಾಯುತ್ತಾರೆ, ಮುಂದಿನ ಸಲ ಅದನ್ನೂ ಕೊಡುವುದಿಲ್ಲ. ಅಮೆರಿಕದಲ್ಲಿ 1973ರಲ್ಲಿ ಬಂದ ರಾಗದ ಚಿಕಿತ್ಸೆಯ ಜಾಡೂ ಇದೇ: "ನೀರು ಕೊಡು" ಎಂಬುದನ್ನು ರಾಗವಾಗಿ ಹೇಳಿಸಿ, ಅಕ್ಷರಕ್ಕೊಂದರಂತೆ ಎಡಗೈಯಿಂದ ತಾಳ ಹಾಕಿಸಿ, ಬರಬರುತ್ತ ರಾಗ ಬಿಡಿಸುವುದು. ಅಪ್ಪ ಭಜನೆ ಹಾಡಿದರು, ಇನ್ನು ಗುಣವಾದ ಹಾಗೆಯೇ ಎಂದು ಮನೆಯವರು ಹಿಗ್ಗಿದರೆ ಅವರ ಸಂತೋಷ ಕೆಡಿಸಬೇಡಿ. ಮುಂದೆ ದುಡಿಮೆ ಬಹಳ ಇದೆ ಎಂದು ಮಾತ್ರ ತಿಳಿಸಿ.

ಇನ್ನು ಈ ಚಿಕಿತ್ಸೆ ಯಾವ ಭಾಷೆಯಲ್ಲಿ? 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಪಕ್ಕದ ಆದೋನಿ ಆಂಧ್ರಕ್ಕೆ ಹೋಯಿತು. ನಮ್ಮ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಉಳಿದವು. ಎರಡು ಭಾಷೆಯಿಂದ ರೋಗಿಗೆ ಗೊಂದಲವಾಗುತ್ತದೆ, ಒಂದನ್ನು ಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಪಾರ್ಶ್ವವಾಯು ಆದ 608 ಜನರನ್ನು ನೋಡಿ 2016ರಲ್ಲಿ ವರದಿ ಮಾಡಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ. 40.5 ಜನರ ಗ್ರಹಿಕೆ, ನೆನಪು, ಯೋಚನೆ ಸರಿಯಾಗಿ ಉಳಿದಿದ್ದವು. ಒಂದೇ ಭಾಷೆಯವರಲ್ಲಿ ಶೇ. 19.6. ಅಫೇಸಿಯಾ ಮಾತ್ರ ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಂದಿತ್ತು. ಹಾಗಾಗಿ ಕೇಸ್ ಶೀಟಿನಲ್ಲಿ ‘ಮಾತೃಭಾಷೆ’ ಎಂಬ ಖಾನೆ ತುಂಬಿ ಸುಮ್ಮನಾಗಬೇಡಿ. ದುಡ್ಡು ಎಣಿಸುತ್ತಿದ್ದುದು ಯಾವುದರಲ್ಲಿ, ಸೊಸೆಯನ್ನು ಬೈಯುತ್ತಿದ್ದುದು ಯಾವುದರಲ್ಲಿ ಎಂದು ಕೇಳಿ, ಎರಡರಲ್ಲೂ ಪರೀಕ್ಷೆ ಮಾಡಿ.

ಸೌಕರ್ಯವೇ ಇಲ್ಲ ಎನ್ನುವಂತಿಲ್ಲ: ಈ ಊರಿನ ವೈದ್ಯಕೀಯ ಕಾಲೇಜು 1961ರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರದು. ಅಫೇಸಿಯಾ ಅಳೆಯುವ ಪರೀಕ್ಷೆಗಳು ಕನ್ನಡದಲ್ಲೇ ಇವೆ. ಆದರೆ ಭತ್ತದ ನಾಟಿ ಬಿಟ್ಟು ಸಿರುಗುಪ್ಪದ ರೈತ ವಾರವಾರ ಮೈಸೂರಿಗೆ ಹೋಗಲಾರ. ವಿಡಿಯೊ ಕರೆಯಲ್ಲಿ ಚಿಕಿತ್ಸೆ ಕೊಡಿಸಬಹುದು, ಹತ್ತಿರದ ಸ್ಪೀಚ್ ಥೆರಪಿಸ್ಟ್ ಯಾರೆಂದು ವಿಚಾರಿಸಿ ನಂಬರ್ ಬರೆದುಕೊಡಬಹುದು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಬೇಗ ಆಗುತ್ತದೆ. ವರ್ಷ ಕಳೆದ ಮೇಲೂ ಅಭ್ಯಾಸ ಮಾಡಿದವರು ಸುಧಾರಿಸುತ್ತಾರೆ. ಟಿವಿ ಆರಿಸಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಕಾಯಿರಿ, ಕಿವುಡರೊಡನೆ ಮಾತಾಡಿದಂತೆ ಕೂಗಬೇಡಿ: ಚೀಟಿಯಲ್ಲಿ ಬರೆಯಬೇಕಾದ ಸಾಲು ಇಷ್ಟೇ.

ಕೊನೆಯದಾಗಿ ಒಂದು ಕಾಗದದ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತು ಮತ್ತು ಭಾಷೆಯ ವೈಕಲ್ಯವನ್ನು ಗುರುತಿಸಿ, ಅದರ ಕಾರಣಗಳಲ್ಲಿ ಅಫೇಸಿಯಾವನ್ನು ಹೆಸರು ಹಿಡಿದೇ ಹೇಳುತ್ತದೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಯಾರು ಅರ್ಹರೆಂದು ನಿಮಗೆ ಗೊತ್ತಿರಲಿ. ನಿಮ್ಮ ಹತ್ತಿರ ಇನ್ನೊಂದು ಬಗೆಯ ಪತ್ರ ಕೇಳಿಕೊಂಡೂ ಬರುತ್ತಾರೆ: ಅಪ್ಪನಿಗೆ ಮಾತಿಲ್ಲ, ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಬರೆದುಕೊಡಿ, ಹೊಲದ ವ್ಯವಹಾರ ಇದೆ ಎಂದು. ಆಗ ಮಕ್ಕಳನ್ನು ಹೊರಗೆ ಕೂರಿಸಿ. ಅಪ್ಪನನ್ನು "ಹೊಲ ಮಾರೋಣೇನು?" ಎಂದು ಕೇಳಿ, ಸ್ವಲ್ಪ ಹೊತ್ತು ಬಿಟ್ಟು "ಹೊಲ ಇಟ್ಕೊಳ್ಳೋಣೇನು?" ಎಂದು ತಿರುಗಿಸಿ ಕೇಳಿ. ಅಫೇಸಿಯಾ ಇದ್ದವರಿಗೆ ಹೌದು, ಅಲ್ಲ ಅದಲುಬದಲಾಗುವುದುಂಟು, ಆದ್ದರಿಂದ ತಲೆಯಾಡಿಸಿದ್ದನ್ನಷ್ಟೇ ನಂಬದೆ ಚಿತ್ರ ತೋರಿಸಿ, ಬೆರಳು ಇಡಿಸಿ, ಮರುದಿನ ಮತ್ತೊಮ್ಮೆ ಕರೆಸಿ. ಪ್ರತಿ ಸಲವೂ ಅವರ ಇಚ್ಛೆ ಒಂದೇ ಎಂದು ಕಂಡರೆ, ಆ ಇಚ್ಛೆಯನ್ನೇ ಬರೆದು ಸಹಿ ಹಾಕಿ.