ದಾನವೂ ವಿವೇಕವೂ



ದಾಸೋಹವು ಲಿಂಗವಂತರಿಗೆ ನಿತ್ಯವ್ರತವಾಗಿರುವುದು. ಕಾಯಕದಿಂದ ಬಂದುದನ್ನು ಸಮಾಜಕ್ಕೆ ಸಮರ್ಪಿಸುವುದೇ ಅದರ ತಿರುಳು. ಆದರೆ ಆ ಹಣವು ಯಾರ ಕೈಸೇರುವುದೆಂಬುದನ್ನರಿಯದೆ ಕೊಡುವುದು ದಾಸೋಹವೆನಿಸಲಾರದು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳು ಪುಣ್ಯಕ್ಷೇತ್ರಗಳ ಬೀಡು. ಶ್ರೀರಂಗನಾಥನ ಗುಡಿ, ಮೇಲುಕೋಟೆ, ಕಾಪನಹಳ್ಳಿಯ ಗವಿಮಠ, ಆದಿಚುಂಚನಗಿರಿ ಎಂಬ ಹೆಸರುಗಳನ್ನು ಕೇಳಿದೊಡನೆಯೇ ರೈತನ ಕೈ ಸಡಿಲವಾಗುವುದು. ಇಂತಹ ಭಕ್ತಿಯೇ ವಂಚಕರಿಗೆ ಬಂಡವಾಳವು. 2022ರಲ್ಲಿ ಕಲಬುರಗಿ ಜಿಲ್ಲೆಯ ದೇವಲಗಾಣಗಾಪುರದ ದತ್ತಾತ್ರೇಯ ದೇವಾಲಯದ ಹೆಸರಿನಲ್ಲಿ ನಕಲಿ ಜಾಲತಾಣಗಳ ಮೂಲಕ ಕೋಟ್ಯಂತರ ರೂಪಾಯಿ ಸಂಗ್ರಹವಾಯಿತೆಂದು ಪೊಲೀಸರಲ್ಲಿ ದೂರು ದಾಖಲಾಯಿತು.

ಆದುದರಿಂದ ರಸೀತಿಯ ಮೇಲಿನ ದೇವರ ಚಿತ್ರವನ್ನು ನೋಡಿದರೆ ಸಾಲದು. ಧರ್ಮದರ್ಶಿಗಳ ಸಂಸ್ಥೆಯಾದರೆ ಅದರ ಪತ್ರವು ಯಾವ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿರುವುದು? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಗೆ ಒಳಪಟ್ಟ ಸಂಘವಾದರೆ ಆಡಳಿತ ಮಂಡಲಿಯಲ್ಲಿ ಯಾರಿರುವರು? ಹಣವು ಸಂಸ್ಥೆಯ ಖಾತೆಗೆ ಹೋಗುವುದೋ, ವ್ಯಕ್ತಿಯ ಖಾತೆಗೋ? ಹೆಸರಿನ ಹಿಂದೆ ಬೇರೆ ಪಕ್ಷವೋ ಪಂಥವೋ ವ್ಯಾಪಾರವೋ ಅಡಗಿರುವುದೇ? ಮಠದ ಹೆಸರೆತ್ತಿದವರ ವಿಷಯವನ್ನು ಮಠದಲ್ಲಿಯೂ, ಸರ್ಕಾರಿ ದೇವಾಲಯದ ಹೆಸರೆತ್ತಿದವರ ವಿಷಯವನ್ನು ಮುಜರಾಯಿ ಕಚೇರಿಯಲ್ಲಿಯೂ ವಿಚಾರಿಸತಕ್ಕದ್ದು.

ಹೀಗೆ ಕೇಳುವುದು ಅಶ್ರದ್ಧೆಯಲ್ಲ. ಶುದ್ಧವಾದ ಸಂಸ್ಥೆಯು ಲೆಕ್ಕವನ್ನು ತೋರಿಸಲು ಅಂಜದು. ಮಠಗಳೂ ಈ ಪರೀಕ್ಷೆಗೆ ಹೊರತಲ್ಲ. ವಿಚಾರಿಸದೆ ಕೊಟ್ಟು ಮೋಸಹೋದವನು ನಾಳೆ ಹಸಿದು ಬಂದ ನಿಜಜಂಗಮನಿಗೂ ಬಾಗಿಲು ಮುಚ್ಚುವನು. ಆ ಹಾನಿಯು ಹಣದ ಹಾನಿಗಿಂತ ಹಿರಿದು. ದಾಸೋಹದ ಬಾಗಿಲು ಮುಚ್ಚದಿರಬೇಕಾದರೆ ಭಕ್ತರು ಕೊಡುವುದಕ್ಕೆ ಮುನ್ನ ಕೇಳುವುದನ್ನು ರೂಢಿಸಿಕೊಳ್ಳಲಿ.

ಸರ್ವರಿಗೂ ಸನ್ಮಂಗಳವಾಗಲಿ.