ಹಿಡಿಯುವವನ ತಾಳ್ಮೆ

ಕಬಡ್ಡಿಯ ಅಂಕಣದ ಸುತ್ತ ಸೇರಿದ ಜನ ಯಾರನ್ನು ನೋಡುತ್ತಿರುತ್ತಾರೆ ಎಂಬುದನ್ನು ತಾವು ಎಂದಾದರೂ ಗಮನಿಸಿದ್ದೀರಾ? ಮಂಡ್ಯದ ದೊಡ್ಡ ಕ್ರೀಡಾಂಗಣವಾಗಲಿ, ಮದ್ದೂರಿನ ಶಾಲೆಯೊಂದರ ಮೈದಾನವಾಗಲಿ, ಮಳವಳ್ಳಿಯ ಕಡೆ ಭತ್ತದ ಕೊಯ್ಲು ಮುಗಿದು ಬರಿದಾದ ಗದ್ದೆಯ ಬಯಲಾಗಲಿ, ನೋಟ ಎಲ್ಲೆಡೆಯೂ ಒಂದೇ. ನೆಲ ಮುಟ್ಟಿ ನಮಸ್ಕರಿಸಿ, ತೊಡೆ ತಟ್ಟಿ, 'ಕಬಡ್ಡಿ, ಕಬಡ್ಡಿ' ಎನ್ನುತ್ತ ಒಳನುಗ್ಗುವ ಒಬ್ಬನ ಮೇಲೆಯೇ ಎಲ್ಲರ ಕಣ್ಣು. ಅವನಿಗಾಗಿ ಬಾಗಿ ನಿಂತು ಕಾಯುವ ಏಳು ಮಂದಿಯನ್ನು ನೋಡುವವರು ವಿರಳ. ಇಂದು ನಾನು ಹೇಳಹೊರಟಿರುವುದು ಆ ಏಳು ಮಂದಿಯ ವಿಷಯ. ಜೀವಮಾನವೆಲ್ಲ ಕಾವ್ಯಪಾಠ ಹೇಳಿಕೊಂಡಿದ್ದ ಮನುಷ್ಯನಿಗೆ ಕಬಡ್ಡಿಯ ಮಾತಾಡುವ ಅಧಿಕಾರವೇನು ಎಂದು ಕೇಳಬಹುದು. ಹರೆಯದಲ್ಲಿ ನಮ್ಮೂರ ತಂಡದ ಎಡಮೂಲೆಯನ್ನು ನಾಲ್ಕು ವರ್ಷ ಕಾದವನು ನಾನು ಎಂಬುದು ಒಂದು ಅಧಿಕಾರ. ಒಂದು ರಾತ್ರಿ ಆ ಮೂಲೆಯಿಂದಲೇ ನಮ್ಮೂರನ್ನು ಸೋಲಿಸಿದೆನೆಂಬುದು ಅದಕ್ಕಿಂತ ದೊಡ್ಡ ಅಧಿಕಾರ.

ಅದು 1979ರ ಬೇಸಗೆ. ಮಳವಳ್ಳಿ ತಾಲ್ಲೂಕಿನ ಒಂದು ಊರಿನ ಹಬ್ಬದ ಪಂದ್ಯ. ಅಗೆದು ಹದಮಾಡಿ ನೀರು ಚಿಮುಕಿಸಿದ ಮಣ್ಣಿನ ಅಂಕಣ. ನಾಲ್ಕು ಮೂಲೆಗೆ ನಾಲ್ಕು ಗ್ಯಾಸ್‌ಲೈಟು. ಎರಡೂ ತಂಡಗಳ ಅಂಕ ಸಮವಾಗಿ, ಎದುರಾಳಿಗಳ ಕೊನೆಯ ದಾಳಿಯೊಂದು ಉಳಿದಿತ್ತು. ಬಂದವನು ಕಬ್ಬಿನ ಜಲ್ಲೆಯಂಥ ಸಣಕಲು ಹುಡುಗ. ನೇರವಾಗಿ ನನ್ನ ಮೂಲೆಗೆ ಬಂದು ಕಾಲು ಚಾಚಿದ, ಎಳೆದುಕೊಂಡ. ಮತ್ತೆ ಚಾಚಿದ, ಮತ್ತೆ ಎಳೆದುಕೊಂಡ. ಮೂರನೆಯ ಸಲ ನನಗೆ ತಡೆಯಲಾಗಲಿಲ್ಲ. ಆ ಕಣಕಾಲಿನ ಮೇಲೆ ಎರಗಿದೆ. ಕೈಗೆ ಸಿಕ್ಕಿದ್ದು ಒಂದು ಹಿಡಿ ಮಣ್ಣು. ಅವನು ಆ ಕಾಲಿನ ಮೇಲೆ ಮೈಭಾರವನ್ನೇ ಇಟ್ಟಿರಲಿಲ್ಲ. ಬೋರಲು ಬಿದ್ದ ನನ್ನ ಬೆನ್ನನ್ನು, ಮಗುವಿನ ಬೆನ್ನು ತಟ್ಟುವಂತೆ ಮೆಲ್ಲಗೆ ತಟ್ಟಿ, ಗೆರೆ ದಾಟಿ ಹೋದ. ಒಂದಂಕದಿಂದ ಸೋತೆವು.

ನಮ್ಮ ತಂಡದ ನಾಯಕ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ ಒಬ್ಬ ಹಿರಿಯ. ಊರಿಗೆಲ್ಲ ಅವನು ಅಣ್ಣ. ಬೈಗಳಿಗೆ ಸಿದ್ಧನಾಗಿ ತಲೆತಗ್ಗಿಸಿ ಕುಳಿತಿದ್ದ ನನ್ನ ಕೈಗೆ ನೀರಿನ ಚೊಂಬು ಕೊಟ್ಟು ಅವನು ಹೇಳಿದ್ದು ಇಷ್ಟೇ: "ಅವ್ನು ನಿನ್ ಕಾಲ ನೋಡಕ್ಕೇ ಬಂದಿದ್ದ ಕಣ್ಲಾ. ನೀನು ತೋರ್ಸ್‌ಬುಟ್ಟೆ."

ಆ ಮಾತು ನನಗೆ ಅಂದು ಅರ್ಧ ಮಾತ್ರ ತಿಳಿಯಿತು. ಒಬ್ಬನ ಮೇಲೆ ಏಳು ಜನ ಬೀಳುವ ಆಟ ನ್ಯಾಯವೇ ಎಂಬ ಪ್ರಶ್ನೆಯಿಂದ ಹೊರಟರೆ ಅದರ ಇನ್ನರ್ಧ ತಿಳಿಯುತ್ತದೆ. ಕುಮಾರವ್ಯಾಸ ಭಾರತದಲ್ಲಿ ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕ ಪ್ರಸಂಗವನ್ನು ಗಮಕಿಗಳು ಓದುವಾಗ ಕೇಳುವವರ ಕಣ್ಣು ತೇವವಾಗುತ್ತದೆ. ಒಬ್ಬ ಬಾಲಕನ ಮೇಲೆ ಹಲವರು ಬಿದ್ದರಲ್ಲ ಎಂದು ಸಂಕಟವಾಗುತ್ತದೆ. ಕಬಡ್ಡಿಯೂ ಅಂಥದೇ ವ್ಯೂಹ. ಆದರೂ ಇಲ್ಲಿ ನಮಗೆ ಸಂಕಟವಾಗುವುದಿಲ್ಲ. ಕೂದಲು ಹಿಡಿಯಬಾರದು, ಬಟ್ಟೆ ಎಳೆಯಬಾರದು, ಬಾಯಿ ಮುಚ್ಚಿ ಉಸಿರು ಕಟ್ಟಿಸಬಾರದು ಎಂಬ ನಿಯಮಗಳಿರುವುದು ಒಂದು ಕಾರಣ. ಇನ್ನೂ ಮುಖ್ಯವಾದ ಕಾರಣ ಬೇರೆಯಿದೆ. ಏಳು ಜನರ ಕಡೆ ಸಂಖ್ಯೆಯಿದ್ದರೆ, ಒಬ್ಬನ ಕಡೆ ಆಯ್ಕೆಯಿದೆ. ಎಡಕ್ಕೆ ಹೋಗಲೋ ಬಲಕ್ಕೋ, ಕೈಯಿಂದ ಮುಟ್ಟಲೋ ಕಾಲಿಂದಲೋ, ಬೋನಸ್ ಗೆರೆಗೆ ಹೆಜ್ಜೆಯಿಡಲೋ ಸುಮ್ಮನೆ ಹಿಂತಿರುಗಲೋ, ಎಲ್ಲವೂ ಅವನ ಇಚ್ಛೆ. ಹಾಗೆ ಆರಿಸಿಕೊಳ್ಳಲು ಅವನಿಗೆ ಒಂದು ಸುಳಿವು ಬೇಕು. ಆ ಸುಳಿವನ್ನು ಕೊಡುವವನು ಆತುರಗಾರನಾದ ರಕ್ಷಕ. ಹಿಡಿಯಹೋಗಿ ತಪ್ಪಿದವನು, ಅವನ ಜೊತೆಗೆ ಕೈಹಾಕಿದವರು, ಎಲ್ಲರೂ ಹೊರಗೆ ಹೋಗುತ್ತಾರೆ. ದಾಳಿಗಾರ ನಮ್ಮನ್ನು ಸೋಲಿಸುವುದಕ್ಕಿಂತ ಹೆಚ್ಚಾಗಿ, ನಾವು ಸೋಲುವುದನ್ನು ಅವನು ಕಾದು ನೋಡುತ್ತಾನೆ.

ಇದು ನನಗೆ ಪೂರ್ತಿಯಾಗಿ ಮನದಟ್ಟಾದದ್ದು ನಲವತ್ತು ವರ್ಷಗಳ ಮೇಲೆ, ಅದೂ ನಮ್ಮ ಶಿಂಷಾ ನದಿಯ ತೀರದಲ್ಲಲ್ಲ. 2019ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗ ದೂರದರ್ಶನದ ಮುಂದೆ ಕುಳಿತು ಅಲ್ಲಿನವರ ಫುಟ್‌ಬಾಲ್ ನೋಡುತ್ತಿದ್ದ. ಹೆಸರು ಫುಟ್‌ಬಾಲ್ ಆದರೂ ಚೆಂಡು ಬಹುಪಾಲು ಕೈಯಲ್ಲೇ ಇರುತ್ತದೆ. ಅದೂ ತೆಂಗಿನಕಾಯಿಯಂತೆ ಎರಡು ಕಡೆ ಮೊನೆಯಾದ ಚೆಂಡು. "ಈ ನೂಕುನುಗ್ಗಲಿನಲ್ಲಿ ಏನಪ್ಪಾ ಇದೆ?" ಎಂದೆ. "ತಾತ, ಎಲ್ಲರನ್ನೂ ನೋಡಬೇಡ, ಅಂಚಿನಲ್ಲಿ ನಿಂತಿರುವ ಆ ಒಬ್ಬನನ್ನು ಮಾತ್ರ ನೋಡು" ಎಂದ. ನೋಡಿದೆ. ನೋಡುತ್ತ ನೋಡುತ್ತ 1979ರ ನನ್ನನ್ನೇ ಅಲ್ಲಿ ಕಂಡೆ.

ಆ ಆಟದಲ್ಲಿ ಕಡೆಗೆ ಹನ್ನೊಂದು ಮಂದಿ. ದಾಳಿಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನು ಸಾಮಾನ್ಯವಾಗಿ ಚೆಂಡನ್ನು ಇನ್ನೊಬ್ಬನ ಕೈಗೆ ಕೊಡುತ್ತಾನೆ, ಇಲ್ಲವೇ ದೂರಕ್ಕೆ ಎಸೆಯುತ್ತಾನೆ. ತಾನೇ ಓಡುವುದು ಕಡಿಮೆ. ಅವನು ಓಡುವುದಿಲ್ಲವಾದರೆ ರಕ್ಷಕರಿಗೆ ಲೆಕ್ಕದಲ್ಲಿ ಒಬ್ಬ ಹೆಚ್ಚಾಗಿ ಉಳಿಯುತ್ತಾನೆ. ಅವನೂ ಓಡತೊಡಗಿದರೆ ಆ ಲಾಭ ಹೋಯಿತು. 1941ರಲ್ಲಿ ಮಿಸ್ಸೂರಿ ವಿಶ್ವವಿದ್ಯಾಲಯದ ತರಬೇತುದಾರ ಡಾನ್ ಫಾರೋ ಎಂಬವನು ಇದನ್ನು ಇನ್ನೂ ಮುಂದಕ್ಕೆ ಒಯ್ದ. ಎದುರಾಳಿಗಳ ಪೈಕಿ ಒಬ್ಬನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಅವನ ಕಡೆಗೇ ಓಡುತ್ತಾನೆ. ಆ ರಕ್ಷಕ ಇವನ ಮೇಲೆ ಬಂದರೆ ಚೆಂಡು ಪಕ್ಕದ ಜೊತೆಗಾರನಿಗೆ; ಜೊತೆಗಾರನ ಕಡೆ ಹೊರಳಿದರೆ ಚೆಂಡು ಇವನಲ್ಲೇ. ಪಾಪ, ಆ ರಕ್ಷಕ ಏನು ಮಾಡಿದರೂ ಅದೇ ತಪ್ಪು! ಇದಕ್ಕೆ ಅವರಿಟ್ಟ ಹೆಸರು 'ಆಪ್ಷನ್', ಎಂದರೆ ಆಯ್ಕೆ. 1968ರಲ್ಲಿ ನನ್ನ ಮಗಳ ಊರಾದ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ ಎರಡು ಆಯ್ಕೆಗಳನ್ನು ಮೂರಾಗಿಸಿ 'ವಿಶ್‌ಬೋನ್' ಎಂಬ ವ್ಯೂಹವನ್ನು ಹೂಡಿತು. ಮುಂದೆ ಸತತವಾಗಿ 30 ಪಂದ್ಯಗಳನ್ನು ಗೆದ್ದಿತು.

ಆ ಸರಣಿಯನ್ನು ಮುರಿದದ್ದು ನಾಟ್ರ್ ಡಾಮ್ ವಿಶ್ವವಿದ್ಯಾಲಯದ ತಂಡ, 1971ರ ಜನವರಿ 1ರಂದು, 24-11 ಅಂಕಗಳಿಂದ. ಅವರು ಮಾಡಿದ ಉಪಾಯ ಕೇಳಲು ಬಹಳ ಸರಳವಾದದ್ದು. ಎದುರಾಳಿಯ ಓಟಗಾರರು ನಿಲ್ಲುವ ರೀತಿಗೆ ಸರಿಯಾಗಿ, ಕನ್ನಡಿಯ ಬಿಂಬದಂತೆ, ತಮ್ಮವರನ್ನು ನಿಲ್ಲಿಸಿದರು. ಇವನು ನಿನ್ನವನು, ಅವನು ನನ್ನವನು. ಚೆಂಡು ಯಾರ ಬಳಿಯಿದ್ದರೂ ಸರಿ, ನಿನ್ನವನನ್ನು ಬಿಟ್ಟು ಕದಲಬೇಡ. ಚೆಂಡಿನ ಹಿಂದೆ ಓಡಬೇಕೆಂಬ ಆಸೆಯನ್ನು ಹನ್ನೊಂದು ಜನ ಒಟ್ಟಿಗೆ ಗೆಲ್ಲಬೇಕಾದ ಉಪಾಯವಿದು.

ಮುಂದೆ ದಾಳಿಯ ರೀತಿ ಬದಲಾಯಿತು, ರಕ್ಷಣೆಯೂ ಬದಲಾಯಿತು. ನಾನು ಅಲ್ಲಿದ್ದ ವರ್ಷ ಬಾಲ್ಟಿಮೋರ್ ತಂಡದ ಲಾಮಾರ್ ಜಾಕ್ಸನ್ ಎಂಬ ಕ್ವಾರ್ಟರ್‌ಬ್ಯಾಕ್ ಒಂದೇ ಋತುವಿನಲ್ಲಿ 1,206 ಗಜ ಓಡಿ ತನ್ನ ಸ್ಥಾನದವರ ಹಿಂದಿನ ದಾಖಲೆಯನ್ನು ಮುರಿದ. ಇಂಥವನ ಎದುರು ರಕ್ಷಕರು ಕಲಿತ ಪಾಠಗಳಲ್ಲಿ ಎರಡು ನನಗೆ ಬಹಳ ಹಿಡಿಸಿದವು. ಒಂದು, ವಿಳಂಬ. ಅಂಚಿನಲ್ಲಿರುವವನು ಮುನ್ನುಗ್ಗುವುದೂ ಇಲ್ಲ, ಹಿಂಜರಿಯುವುದೂ ಇಲ್ಲ. ಚಿಕ್ಕ ಚಿಕ್ಕ ಹೆಜ್ಜೆಯಿಡುತ್ತ ನಿಲ್ಲುತ್ತಾನೆ. ಅವನು ಉತ್ತರ ಕೊಡದ ಅರೆಕ್ಷಣದಲ್ಲಿ ಅವನ ಜೊತೆಗಾರರು ಓಡಿಬಂದು ಸೇರುತ್ತಾರೆ. ಎರಡು, ಸುಳ್ಳು ಉತ್ತರ. ಅಂಚಿನವನು ಬೇಕೆಂದೇ ಒಳಕ್ಕೆ ನುಗ್ಗುತ್ತಾನೆ. ದಾರಿ ತೆರವಾಯಿತೆಂದು ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಹೊರಕ್ಕೆ ಓಡುತ್ತಾನೆ. ಹಿಂದೆ ನಿಂತಿದ್ದ ಇನ್ನೊಬ್ಬ ರಕ್ಷಕ ಅಷ್ಟರಲ್ಲಿ ಸುತ್ತಿ ಬಂದು ಅದೇ ದಾರಿಯಲ್ಲಿ ಕಾದಿರುತ್ತಾನೆ. ಇಬ್ಬರೂ ತಮ್ಮ ಕೆಲಸವನ್ನು ಒಳಗೊಳಗೇ ಅದಲುಬದಲು ಮಾಡಿಕೊಂಡಿರುತ್ತಾರೆ.

ಇದನ್ನು ಕೇಳಿದಾಗ ನನಗೆ ನಗು ಬಂತು. ಇದೆಲ್ಲ ನಮ್ಮ ಗದ್ದೆಬಯಲಿನಲ್ಲಿ ಇದ್ದದ್ದೇ. ಕಬಡ್ಡಿಯಲ್ಲಿ ಮೂಲೆಯವನೂ ಅವನ ಪಕ್ಕದವನೂ ಕೈಕೈ ಹಿಡಿದು ಸರಪಳಿಯಾಗಿ ನಿಲ್ಲುವುದು ಏಕೆ? ಒಬ್ಬನ ಆತುರವನ್ನು ಇನ್ನೊಬ್ಬನ ಕೈ ಹಿಡಿದು ನಿಲ್ಲಿಸಲೆಂದು. ಆರು ಅಥವಾ ಏಳು ರಕ್ಷಕರಿರುವಾಗ ದಾಳಿಗಾರ ಬೋನಸ್ ಗೆರೆಯಾಚೆ ಒಂದು ಕಾಲೂರಿ ಇನ್ನೊಂದನ್ನು ಗಾಳಿಯಲ್ಲಿಟ್ಟರೆ ಅವನಿಗೆ ಒಂದಂಕ. ಅನುಭವಿಯಾದ ಮೂಲೆಯವನು ಒಂದು ಹೆಜ್ಜೆ ಹಿಂದೆ ಸರಿದು ಆ ಗೆರೆಯನ್ನು ಅವನಿಗೆ ತೋರಿಸುತ್ತಾನೆ. ದಾಳಿಗಾರ ಆಸೆಯಿಂದ ಕಾಲು ಚಾಚುತ್ತಾನೆ. ಮೈಭಾರವೆಲ್ಲ ಆ ಒಂದೇ ಕಾಲಿನ ಮೇಲೆ ಬಿದ್ದ ಗಳಿಗೆಯಲ್ಲಿ ಕಣಕಾಲು ಹಿಡಿತಕ್ಕೆ ಸಿಕ್ಕುತ್ತದೆ. ಒಳಗೆ ನಿಂತ ಕವರ್ ಸ್ಥಾನದವನು ಬಂದು ಹಿಂತಿರುಗುವ ದಾರಿಯನ್ನು ಮುಚ್ಚುತ್ತಾನೆ. ಒಳಬಿಡುವುದೇ ಇಲ್ಲಿನ ವಿದ್ಯೆ. ಹಿಂದೆ ದಾಳಿಗಾರನಿಗೆ ಉಸಿರೊಂದೇ ಎಲ್ಲೆಯಾಗಿತ್ತು. ಈಗ 30 ಸೆಕೆಂಡಿನ ಗಡುವೂ ಇದೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯ ನಿಯಮದಂತೆ, ತಂಡವೊಂದರ ಎರಡು ದಾಳಿಗಳು ಸಾಲಾಗಿ ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ತರದವನು ಹೊರಗೆ. ಸುಮ್ಮನೆ ಕಾದು ನಿಲ್ಲುವುದಕ್ಕೂ ಹೀಗೆ ಫಲವುಂಟಾಯಿತು.

ಈ ವಿದ್ಯೆಯ ಬೆಲೆ ನಮಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಏಷ್ಯನ್ ಕ್ರೀಡಾಕೂಟದಲ್ಲಿ 1990ರಿಂದ 2014ರವರೆಗೆ ಏಳು ಸಲವೂ ಪುರುಷರ ಕಬಡ್ಡಿಯ ಚಿನ್ನ ಭಾರತದ್ದೇ ಆಗಿತ್ತು. 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ ನಮ್ಮನ್ನು 27-18ರಿಂದ ಸೋಲಿಸಿತು. ದಾಳಿಯ ವೀರರಿಗೆ ನಮ್ಮಲ್ಲಿ ಕೊರತೆಯಿರಲಿಲ್ಲ. ಕುಸ್ತಿಯ ನೆಲದಿಂದ ಬಂದ ಇರಾನಿಗಳ ಬಿಗಿಹಿಡಿತದ ಎದುರು ಅವರು ಕಟ್ಟುಬಿದ್ದರು. ಅದೇ ವರ್ಷ ಪ್ರೊ ಕಬಡ್ಡಿಯ ಹರಾಜಿನಲ್ಲಿ ಇರಾನಿನ ಫಜಲ್ ಅತ್ರಾಚಲಿಗೆ ಒಂದು ಕೋಟಿ ರೂಪಾಯಿ ಬಂತು. ಅವನು ಆಡುವುದು ಎಡಮೂಲೆಯಲ್ಲಿ. ನಾನು ಒಂದು ಹಿಡಿ ಮಣ್ಣು ಹಿಡಿದ ಅದೇ ಸ್ಥಾನ!

ಹಾಗೆಂದು ರಕ್ಷಣೆಯೇ ಕೊನೆಯ ಮಾತೆಂದು ನಾನು ಹೇಳುತ್ತಿಲ್ಲ. 2019ರ ಜನವರಿ 5ರಂದು ಮುಂಬಯಿಯಲ್ಲಿ ನಮ್ಮ ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಿಂದ ಗೆದ್ದು ಪ್ರಶಸ್ತಿ ಪಡೆದಾಗ, ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬನವೇ. ತಡೆಯಲು ಬಂದವರನ್ನು ಹಾರಿ ದಾಟಬಲ್ಲವನ ಎದುರು, ಕಣಕಾಲಿಗೆಂದು ಬಗ್ಗಿದ ಬೆನ್ನೇ ಬಯಲಾಗುತ್ತದೆ. ಆಗ ರಕ್ಷಕ ಮತ್ತೆ ಯೋಚಿಸಬೇಕು, ಮತ್ತೆ ನಿಲುವು ತಿದ್ದಿಕೊಳ್ಳಬೇಕು. ದಾಳಿ ಮತ್ತು ರಕ್ಷಣೆ ಹೀಗೆ ಒಂದನ್ನೊಂದು ಸಾಣೆ ಹಿಡಿಯುತ್ತ ಸಾಗುವುದರಿಂದಲೇ ಆಟ ಹಳತಾಗುವುದಿಲ್ಲ. ಬದಲಾಗದೆ ಉಳಿಯುವುದು ಒಂದೇ: ಎದುರಾಳಿಗೆ ಬೇಕಾದ ಉತ್ತರವನ್ನು ಅವನು ಕೇಳಿದ ಕ್ಷಣದಲ್ಲೇ ಕೊಡಬಾರದು.

ಈ ಮಾತು ಆಟಕ್ಕೆ ಮಾತ್ರ ಸಲ್ಲುವುದೆಂದು ನನಗೆ ತೋರುವುದಿಲ್ಲ. ಕೆಣಕಿದ ಕೂಡಲೇ ಉತ್ತರ ಕೊಡುವುದನ್ನೇ ಪೌರುಷವೆಂದು ತಿಳಿಯುವ ಕಾಲ ಇದು. ಮನೆಯಲ್ಲಿ, ಸಭೆಯಲ್ಲಿ, ಬೀದಿಯಲ್ಲಿ ಎಷ್ಟೋ ಸಲ ಯಾರೋ ಕಾಲು ಚಾಚುತ್ತಾರೆ, ನಾವು ಎರಗುತ್ತೇವೆ, ಕೈಗೆ ಮಣ್ಣು ಹತ್ತುತ್ತದೆ. ನನ್ನ ಬದುಕಿನಲ್ಲಿ ಇಂಥ ಮಣ್ಣನ್ನು ನಾನು ಎಷ್ಟು ಸಲ ತೊಳೆದುಕೊಂಡಿದ್ದೇನೆ ಎಂಬ ಲೆಕ್ಕವನ್ನು ಇಲ್ಲಿ ಒಪ್ಪಿಸುವುದಿಲ್ಲ.

ಕೆಲವು ತಿಂಗಳ ಹಿಂದೆ ಮದ್ದೂರಿನ ಸಮೀಪದ ಒಂದು ಪ್ರೌಢಶಾಲೆಯ ಪಂದ್ಯಕ್ಕೆ ಬಹುಮಾನ ಹಂಚಲು ನನ್ನನ್ನು ಕರೆದಿದ್ದರು. ಗೆದ್ದ ತಂಡದ ಎಡಮೂಲೆಯಲ್ಲಿ ಒಬ್ಬ ಹುಡುಗನಿದ್ದ. ಪಂದ್ಯದುದ್ದಕ್ಕೂ ಅವನು ಹಿಡಿದದ್ದು ಒಂದೇ ಹಿಡಿತ. ದಾಳಿಗಾರರು ಮೊದಮೊದಲು ಅವನ ಮೂಲೆಗೆ ಬಂದು ಕಾಲು ಚಾಚಿದರು. ಅವನು ಕಣ್ಣೆವೆ ಇಕ್ಕದೆ ನಿಂತ. ಆಮೇಲೆ ಅವರು ಆ ಕಡೆಗೆ ಬರುವುದನ್ನೇ ಬಿಟ್ಟರು. ಅರ್ಧ ಅಂಕಣ ಎದುರಾಳಿಗಳಿಗೆ ಇಲ್ಲದಂತಾಯಿತು. ಅಂಕಪಟ್ಟಿಯಲ್ಲಿ ಅದನ್ನು ಬರೆಯಲು ಒಂದು ಕಲಮಿಲ್ಲ. ಅತ್ಯುತ್ತಮ ಆಟಗಾರನೆಂಬ ಬಹುಮಾನ, ನ್ಯಾಯವಾಗಿಯೇ, ಹನ್ನೆರಡು ಅಂಕ ತಂದ ದಾಳಿಗಾರನಿಗೆ ಹೋಯಿತು. ಸಮಾರಂಭ ಮುಗಿದ ಮೇಲೆ ನಾನು ಆ ಹುಡುಗನನ್ನು ಹತ್ತಿರ ಕರೆದು, "ನೀನು ಯಾರ್ಗೂ ಕಾಲು ತೋರಿಸ್ಲಿಲ್ಲ ಕಣಪ್ಪ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ತನ್ನ ಕೆಸರುಗಾಲನ್ನು ಒಮ್ಮೆ ನೋಡಿಕೊಂಡು, ಸಂಕೋಚದಿಂದ ನಕ್ಕು, ಗೆಳೆಯರ ಕಡೆ ಓಡಿಹೋದ.

ಕಬ್ಬಿನ ಗಾಡಿಯ ನಮ್ಮ ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವನ ಮಾತು ನನಗೆ ಪೂರ್ತಿ ಅರ್ಥವಾಯಿತೆಂದು ಅವನಿಗೆ ಹೇಳಲಾಗಲಿಲ್ಲ. ಆ ಹುಡುಗನಿಗೆ ಹೇಳಿದ್ದೇನೆ. ಅವನಿಗೂ ಒಂದು ದಿನ ಅರ್ಥವಾದೀತು.